ಜಲದೀಪದ ಮರೆಯಲ್ಲಿ ನಾಗವೇಣಿ

ನಮ್ಮೂರಿನ ಬೋಟುಗಳು ಕರಿಬಂಡೆ ದಾಟಿದ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಹೋಗುವಾಗ ಬಂಡೆಯ ತನಕ ಕಾಣುತ್ತವೆ, ಆಮೇಲೆ ಇಲ್ಲ. ಅವುಗಳ ಇಂಜಿನ್ ಸದ್ದೂ ಬರುವುದಿಲ್ಲ. ಅಲ್ಲಿದ್ದವರಿಗೆ ಅವರವರು ಕಾಣುತ್ತಾರಂತೆ, ಊರು ಮಾತ್ರ ಕಾಣುವುದಿಲ್ಲ. ಮೀನು ಹಿಡಿದು ತಿರುಗಿ ಬಂದವರು ಬಂಡೆಯ ಆಚೆ ಕಾಯುತ್ತಾರೆ. ಅವರ ಮನೆಯವರು ಬೋಟು ಕಟ್ಟುವ ಧಕ್ಕೆಯ ತುದಿಯಲ್ಲಿ ನಿಂತು ಬೋಟಿನ ಹೆಸರು ಕೂಗಬೇಕು. ಹೆಸರು ಸರಿಯಿದ್ದರೆ ಬೋಟು ಕಾಣುತ್ತದೆ, ಬೋಟಿನವರಿಗೆ ಧಕ್ಕೆ ಕಾಣುತ್ತದೆ, ಬಂದು ಹಗ್ಗ ಎಸೆಯುತ್ತಾರೆ. ತಪ್ಪು ಹೆಸರು ಕೂಗಿದರೆ ಅಲ್ಲಿ ಕಾಯುತ್ತಿದ್ದ ಬೋಟಿನ ಮೂತಿ ತಾನಾಗಿ ಹೊರಕ್ಕೆ ತಿರುಗುತ್ತದೆ. ಎಷ್ಟು ಚುಕ್ಕಾಣಿ ಹಿಡಿದರೂ ನಿಲ್ಲುವುದಿಲ್ಲ. ನೀರು ಏರುವ ಹೊತ್ತಾದರೆ ಒಂದಿಷ್ಟು ಅಲೆದು ಬರುತ್ತಾರೆ. ಇಳಿಯುವ ಹೊತ್ತಾದರೆ ಕಲ್ಲುಸಾಲಿನ ಮೇಲೆ ಹೋಗಿ ಬೀಳುತ್ತಾರೆ. ಹಾಗೆ ಬಿದ್ದವರ ಮನೆಗಳು ನಮ್ಮ ಕೇರಿಯಲ್ಲೇ ಇವೆ.

ಇನ್ನೂ ಎರಡು ಕಟ್ಟಳೆ ಇವೆ, ಅವನ್ನೂ ಹೇಳಿಬಿಡುತ್ತೇನೆ, ಆಮೇಲೆ ನಡುವೆ ಕೇಳಬೇಡಿ. ಒಂದು, ಕರೆದ ಬೋಟು ಬಂದು ಹಗ್ಗ ಕಟ್ಟುವ ತನಕ ಕಡಲಿಗೆ ಇನ್ನೊಂದು ಹೆಸರು ಕೇಳಿಸುವುದಿಲ್ಲ. ಇನ್ನೊಂದು, ಯಾವ ಬೋಟಿನಲ್ಲಿ ಹೋದದ್ದೋ ಆ ಬೋಟಿನ ಹೆಸರಿಗೇ ತಿರುಗಿ ಬರಬೇಕು. ಮನುಷ್ಯನಾದರೂ ಅಷ್ಟೆ, ಉಪ್ಪಿನ ಡಬ್ಬಿಯಾದರೂ ಅಷ್ಟೆ. ನನ್ನ ಮಾವನವರು ಒಮ್ಮೆ ನಡುಕಡಲಲ್ಲಿ ಬೇರೆ ಬೋಟಿನವರ ಬಲೆ ಕಡ ತಂದಿದ್ದರು. ಬೋಟು ಬಂತು, ಬಲೆ ಅಲ್ಲೇ ಉಳಿಯಿತು. ಬಲೆಗೆ ಕಟ್ಟಿದ ಹಗ್ಗ ಗಾಳಿಯಲ್ಲಿ ಬಿಗಿಯಾಗಿ ನಿಂತು, ಆಮೇಲೆ ಬಿಚ್ಚಿಕೊಂಡು ನೀರಿಗೆ ಬಿತ್ತು. ನಾನು ಆಗ ಹೊಸ ಸೊಸೆ. ನೋಡಿ ನಗು ಬಂದಿತ್ತು. ಅತ್ತೆ ಬೆನ್ನಿಗೆ ಗುದ್ದಿದ್ದರು.

ಹಿಂದೆಲ್ಲ ಹೊರಗೆ ಯಾರು ಕಾಯುತ್ತಿದ್ದಾರೆ ಎಂದು ತಿಳಿಯುವ ದಾರಿ ಇರಲಿಲ್ಲ. ಎದೆ ಡವಗುಟ್ಟಿದ್ದಕ್ಕೆ, ನಾಯಿ ಊಳಿಟ್ಟಿದ್ದಕ್ಕೆ ಓಡಿಹೋಗಿ ಕೂಗುತ್ತಿದ್ದೆವು. ಆಮೇಲೆ ಬಂದರಿನ ಸೊಸೈಟಿಯವರು ರಾಡಾರು ತಂದು ಕಂಬದ ಮೇಲೆ ಕೂರಿಸಿದರು. ಕಣ್ಣಿಗೆ ಕಾಣದ್ದು ಅದಕ್ಕೆ ಕಾಣುತ್ತಿತ್ತು. ಆದರೆ ಕಂಡದ್ದು ಒಂದು ಬೆಳಕಿನ ಚುಕ್ಕೆ. ನಿಮ್ಮ ಬೋಟೂ ಚುಕ್ಕೆ, ನನ್ನದೂ ಚುಕ್ಕೆ. ಅಲ್ಲೇನೋ ಉಂಟು ಎಂದು ಗೊತ್ತಾದ ಮೇಲೆ ಜನ ಮತ್ತಷ್ಟು ಹೆದರಿದರು, ಅಷ್ಟೆ.

ಅದಕ್ಕೆಂದೇ ರಾಡಾರಿನ ವಿದ್ಯೆ ಓದಿದ ಫ್ಲೇವಿಯಾ ಬಾಯಿಯನ್ನು ಕರೆಸಿದ್ದು. ತೆಳ್ಳಗಿನ ಹೆಂಗಸು, ಚಪ್ಪಲಿ ಕೈಯಲ್ಲಿ ಹಿಡಿದೇ ತಿರುಗುವವಳು. ಅವಳು ಕಂಪ್ಯೂಟರಿನೊಳಗೆ ಒಂದು ಕಡಲು ಮಾಡಿದ್ದಾಳೆ ಎಂದು ಜನ ಹೇಳಿದಾಗ ನಾನು ನಂಬಲಿಲ್ಲ. ಹೋಗಿ ನೋಡಿದೆ. ಹೌದು, ತೆರೆ ಏಳುತ್ತಿತ್ತು, ಬೀಳುತ್ತಿತ್ತು. ಅದರ ಮೇಲೆ ನಮ್ಮೂರ ಬೋಟುಗಳನ್ನು ಒಂದೊಂದಾಗಿ ಇಡುತ್ತಿದ್ದಳು. ಬೋಟಿನ ಮೈಯನ್ನೆಲ್ಲ ಶಂಕರಪೋಳಿಯಂತೆ ಸಣ್ಣ ಸಣ್ಣ ತುಂಡು ಮಾಡಿ, ರಾಡಾರಿನ ಅಲೆ ಒಂದೊಂದು ತುಂಡಿಗೆ ಬಡಿದು ಯಾವ ಕಡೆಗೆ ಚಿಮ್ಮುತ್ತದೆ ಎಂದು ಲೆಕ್ಕ ಹಾಕುತ್ತಿದ್ದಳು. ಬೋಟು ಆಚೆ ಓಲಿದರೆ ಚುಕ್ಕೆ ಎಷ್ಟು ಹೊಳೆಯಬೇಕು, ಈಚೆ ಓಲಿದರೆ ಎಷ್ಟು ಮಂಕಾಗಬೇಕು, ಎಲ್ಲ ಮೊದಲೇ ಮಾಡಿ ಇಟ್ಟುಕೊಳ್ಳುವುದು. ಹೊರಗೆ ನಿಜವಾದ ಚುಕ್ಕೆ ಬಂದಾಗ ಅದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡಿ ಹೆಸರು ಹೇಳುವುದು.

"ಮರದ ಬೋಟು ಅಷ್ಟಾಗಿ ಹೊಳೆಯುವುದಿಲ್ಲ ಮಾಸ್ತಮ್ಮಕ್ಕ," ಎಂದು ನಮ್ಮ ಬೋಟು ನಾಗವೇಣಿಯನ್ನು ಅಳೆಯಲು ಬಂದಾಗ ನನಗೆ ಹೇಳಿದಳು. "ಅದರಲ್ಲಿರುವ ಕಬ್ಬಿಣ, ತಗಡು ಹೊಳೆಯುತ್ತದೆ. ಇಂಜಿನ್ ಎಲ್ಲಿ, ಐಸ್ ಪೆಟ್ಟಿಗೆ ಎಲ್ಲಿ, ನೀರಿನ ಕೊಡಪಾನ ಯಾವ ಮೂಲೆಯಲ್ಲಿ, ಎಲ್ಲ ಹೇಳಬೇಕು."

"ಕೊಡಪಾನ ಎಲ್ಲಿಡಬೇಕು ಅಂತ ಗಂಡಸರಿಗೇ ಗೊತ್ತಿರೋದಿಲ್ಲ, ನಿನ್ನ ಕಂಪ್ಯೂಟರಿಗೆ ನಾನೆಲ್ಲಿಂದ ಹೇಳ್ಲಿ?" ಎಂದೆ.

"ಹಾಗಾದ್ರೆ ಇವತ್ತಿಂದ ಒಂದೇ ಕಡೆ ಇಡಲಿಕ್ಕೆ ಹೇಳಿ."

ನನಗೆ ರೇಗಿತು. ಆದರೆ ಊರೇ ಹಾಗೆ ಬದಲಾಯಿತು. ಬೋಟಿನಲ್ಲಿ ಬಕೆಟು ಸರಿಸಬೇಕೆಂದರೂ ಬಾಯಿಯ ಅಪ್ಪಣೆ ಬೇಕು. ಹೊಸದಾಗಿ ಮದುವೆಯಾದ ಒಬ್ಬ ಮಾವನ ಮನೆಯಲ್ಲಿ ಕೊಟ್ಟ ಹೊಳೆಯುವ ಹಂಡೆಯನ್ನು ಕ್ಯಾಬಿನ್ ಮೇಲೆ ಕಟ್ಟಿಕೊಂಡು ಹೋಗಿ, ತಿರುಗಿ ಬರುವಾಗ ಗುರುತು ಸಿಗದೆ ಹೊತ್ತು ಮುಳುಗುವ ತನಕ ಹೊರಗೇ ಕೂತಿದ್ದ. ಅವನ ಹೆಂಡತಿ ಆ ಹಂಡೆಗೆ ಅಂಗಳದಲ್ಲಿ ಮಣ್ಣು ತುಂಬಿಸಿ ಬಸಳೆ ಹಾಕಿದಳು. ಆದರೂ ಒಂದು ಮಾತು ಹೇಳಬೇಕು. ಬಾಯಿ ಬಂದ ಮೇಲೆ ನಮ್ಮಲ್ಲಿ ಒಂದೂ ಬೋಟು ತಪ್ಪು ಕೂಗಿಗೆ ಹೋಗಲಿಲ್ಲ. ಹಾಗಾಗಿ ಸೊಸೈಟಿಯವರು ಒಂದು ಠರಾವು ಮಾಡಿದರು. ಕಂಪ್ಯೂಟರು ಹೇಳಿ, ಸೆಕ್ರೆಟರಿ ಬಾಪು ಸಾಹೇಬರು ಮೈಕಿನಲ್ಲಿ ಹೇಳಿದ ಹೆಸರನ್ನಷ್ಟೇ ಕೂಗಬೇಕು. ಎದೆ ಡವಗುಟ್ಟಿತು ಎಂದು ಯಾರೂ ಧಕ್ಕೆಗೆ ಓಡಬಾರದು.

ನನ್ನ ತಂಗಿ ಯಮುನೆಯ ಗಂಡ ಅಣ್ಣಪ್ಪ. ಅವನದು ಜಲದೀಪ, ಊರಿನಲ್ಲಿ ಮೊದಲ ಸ್ಟೀಲ್ ಬೋಟು. ಅದು ನೀರಿಗಿಳಿದ ದಿನ ನಾನು ನಾಲ್ಕು ಜನರ ಎದುರು ಇದೇನು ಬೋಟೋ ತಗಡಿನ ಡಬ್ಬಿಯೋ ಎಂದಿದ್ದೆ. ಅವಳು, ಅಕ್ಕನಿಗೆ ಹೊಟ್ಟೆಯಲ್ಲಿ ಮೆಣಸು ಅರೆದಹಾಗೆ ಆಗಿದೆ ಎಂದಳು. ಅಲ್ಲಿಂದ ಮಾತು ಬಿಟ್ಟಿತು. ನಾವು ಬಿಟ್ಟದ್ದಕ್ಕೆ ಗಂಡಸರೂ ಬಿಟ್ಟರು. ನನ್ನ ಗಂಡ ಕುಪ್ಪಯ್ಯನಿಗೆ ಯಾರ ಮೇಲೂ ಸಿಟ್ಟು ಬರುವುದಿಲ್ಲ, ಆದರೆ ನನ್ನ ಸಿಟ್ಟನ್ನು ಒಪ್ಪದಿದ್ದರೆ ಮನೆಯಲ್ಲಿ ಊಟ ಸಿಗುವುದಿಲ್ಲ ಎಂದು ಗೊತ್ತು.

ಒಂದು ದಿನ ಎರಡೂ ಬೋಟು ಒಂದೇ ಬೆಳಿಗ್ಗೆ ಹೋಗಿದ್ದವು. ಮಾರನೇ ದಿನ ಬೆಳಿಗ್ಗೆ ಬರಬೇಕಿತ್ತು. ಉಳಿದವೆಲ್ಲ ಬಂದವು, ಇವೆರಡು ಬರಲಿಲ್ಲ. ಮಧ್ಯಾಹ್ನವಾಯಿತು, ಮೀನು ಕೊಳ್ಳುವವರು ಎದ್ದುಹೋದರು. ಯಮುನೆ ಧಕ್ಕೆಯ ಆ ತುದಿಗೆ, ನಾನು ಈ ತುದಿಗೆ. ನಮ್ಮ ನಾಗವೇಣಿಯ ಇಂಜಿನ್ ಹಳೆಯದು. ಹೋಗುವಾಗಲೇ ಕೆಮ್ಮುತ್ತಿತ್ತು. ನಾನು ಅದನ್ನೇ ಯೋಚಿಸುತ್ತ ಕೂತಿದ್ದೆ.

ನೀರು ಇಳಿಯಲು ಶುರುವಾದ ಹೊತ್ತಿಗೆ ಮೈಕಿನಲ್ಲಿ ಬಾಪು ಸಾಹೇಬರ ದನಿ ಬಂತು. "ಬಂಡೆಯ ಹೊರಗೆ ಜಲದೀಪ. ಜಲದೀಪದ ಮನೆಯವರು ಕೂಗಲಿಕ್ಕೆ ತಯಾರಾಗಿ."

ಯಮುನೆ ಎದ್ದಳು. ಜನ ಅವಳಿಗೆ ದಾರಿ ಬಿಟ್ಟರು. ನಾನು ರಾಡಾರಿನ ಕೋಣೆಗೆ ಹೋದೆ. ಹೋಗಿ ಕೇಳಬೇಕಾದದ್ದು ಒಂದೇ, ನಾಗವೇಣಿ ಎಲ್ಲಿ?

ಒಳಗೆ ಫ್ಲೇವಿಯಾ ಬಾಯಿ ಎರಡು ಕೈಯಲ್ಲಿ ತಲೆ ಹಿಡಿದು ಕೂತಿದ್ದಳು. ಬಾಪು ಸಾಹೇಬರು ಮೈಕಿನ ಗುಂಡಿಯ ಮೇಲೆ ಬೆರಳಿಟ್ಟು ನಿಂತಿದ್ದರು.

"ಸಾಹೇಬ್ರೆ, ಸ್ವಲ್ಪ ನಿಲ್ಲಿ, ಕೂಗಿಸಬೇಡಿ," ಎಂದಳು ಬಾಯಿ.

"ನೀವೇ ಹೇಳಿದ್ದಲ್ವಾ ಜಲದೀಪ ಅಂತ?"

"ಹೌದು. ಚುಕ್ಕೆ ಜಲದೀಪದ ಲೆಕ್ಕಕ್ಕೆ ಕೂಡುತ್ತದೆ. ಆದ್ರೆ ಜಲದೀಪ ಓಲಾಡಿದಾಗ ನಡುನಡುವೆ ಮಂಕಾಗಬೇಕು. ಇದು ಮಂಕಾಗ್ತಾ ಇಲ್ಲ."

"ಹೊಳೆದ್ರೆ ಒಳ್ಳೇದಲ್ವಾ?"

"ಅಲ್ಲ. ಹೊಳಪು ಹೆಚ್ಚಾಯ್ತು," ಎಂದು ನನ್ನ ಕಡೆ ತಿರುಗಿದಳು. "ಅಕ್ಕಾ, ಎರಡು ಬೋಟು ಮೈಗೆ ಮೈ ತಾಗಿಸಿ ಕಟ್ಟಿದ್ರೆ ನಡುವೆ ಒಂದು ಸಂದಿ ಆಗ್ತದೆ. ರಾಡಾರಿನ ಅಲೆ ಆ ಸಂದಿಗೆ ಹೋಗಿ, ಆ ಗೋಡೆಗೆ ಬಡಿದು, ಈ ಗೋಡೆಗೆ ಬಡಿದು, ಬಂದ ದಾರಿಯಲ್ಲೇ ತಿರುಗಿ ಬರ್ತದೆ. ಆಗ ಹೀಗೆ ಹೊಳೀತದೆ. ನಾನು ಈಗಷ್ಟೇ ಕಂಪ್ಯೂಟರಿನಲ್ಲಿ ಜಲದೀಪದ ಆಚೆ ಬದಿಗೆ ನಾಗವೇಣಿಯನ್ನು ಕಟ್ಟಿ ನೋಡಿದೆ. ಅದೂ ಕೂಡುತ್ತದೆ."

"ಅಂದ್ರೆ ನಮ್ಮದೂ ಅಲ್ಲಿ ಉಂಟು."

"ಉಂಟು ಅಂತ ಹೇಳ್ಲಿಕ್ಕೆ ಆಗೋದಿಲ್ಲ. ಇಲ್ಲ ಅಂತಲೂ ಆಗೋದಿಲ್ಲ. ಸ್ಟೀಲಿನ ಮರೆಯಲ್ಲಿ ಮರ ಕಾಣೋದಿಲ್ಲ. ಅಥವಾ ಜಲದೀಪದ ಮೇಲೆ ಅವರು ಏನೋ ತಗಡು ಎತ್ತಿ ನಿಲ್ಲಿಸಿರಬಹುದು. ಅದಕ್ಕೂ ಹೀಗೇ ಹೊಳೀಬಹುದು. ನನಗೆ ಎರಡು ಉತ್ತರ ಬಂದಿದೆ, ಎರಡೂ ಸರಿ ಇದೆ."

"ಎರಡೂ ಸರಿ ಅಂದ್ರೆ ಎಂಥದು ಮಾರಾಯ್ತಿ? ಇಷ್ಟು ವರ್ಷ ಓದಿದ್ದು ಎರಡೂ ಸರಿ ಅನ್ಲಿಕ್ಕಾ?"

"ಇಷ್ಟು ವರ್ಷ ಓದಿದ್ದಕ್ಕೇ ಎರಡು ಅಂತ ಗೊತ್ತಾಯ್ತು," ಎಂದಳು ಅವಳೂ ಬಿರುಸಾಗಿ. ಕಣ್ಣಲ್ಲಿ ನೀರಿತ್ತು. "ನೀವು ಬೈದ್ರೆ ಮೂರನೇದು ಬರೋದಿಲ್ಲ."

ನಾನು ಅಲ್ಲೇ ನೆಲದ ಮೇಲೆ ಕೂತೆ. ನನ್ನ ತಲೆ ಅಷ್ಟು ಗಲಿಬಿಲಿಯಾದದ್ದು ಹಿಂದೆಂದೂ ಇಲ್ಲ. ಏಳನೇ ಇಯತ್ತೆಯಲ್ಲಿ ಲೆಕ್ಕದ ಮಾಸ್ತರರು ಬೆತ್ತ ಹಿಡಿದು ನಿಂತಾಗಲೂ ಆಗಿರಲಿಲ್ಲ. ಒಂದು ಕಡೆಯಿಂದ ಯೋಚಿಸಿದೆ. ಇಂಜಿನ್ ಕೆಟ್ಟಿರುತ್ತದೆ, ಅಣ್ಣಪ್ಪ ಕಂಡಿರುತ್ತಾನೆ, ಪಕ್ಕಕ್ಕೆ ಕಟ್ಟಿಕೊಂಡು ಮೆಲ್ಲಗೆ ಬಂದಿರುತ್ತಾನೆ, ಅದಕ್ಕೇ ಇಷ್ಟು ತಡ. ಇನ್ನೊಂದು ಕಡೆಯಿಂದ ಯೋಚಿಸಿದೆ. ಮಾತು ಬಿಟ್ಟವನು ಯಾಕೆ ಕಟ್ಟಿಕೊಂಡು ಬರುತ್ತಾನೆ? ನಾನು ಆಗಿದ್ದರೆ ತರುತ್ತಿದ್ದೆನಾ? ತರುತ್ತಿದ್ದೆ. ಬೈಯುತ್ತ ತರುತ್ತಿದ್ದೆ. ಆದರೆ ಅವನು?

ಯಮುನೆ ಜಲದೀಪವನ್ನು ಕೂಗಿದರೆ ಅದು ಬರುತ್ತದೆ. ನಾಗವೇಣಿ ಅದಕ್ಕೆ ಕಟ್ಟಿದ್ದರೆ ಹಗ್ಗ ಬಿಚ್ಚಿಕೊಳ್ಳುತ್ತದೆ. ಜಲದೀಪ ಒಳಗೆ ಬಂದು ಹಗ್ಗ ಕಟ್ಟುವ ತನಕ ನನ್ನ ಕೂಗು ಕಡಲಿಗೆ ಕೇಳುವುದಿಲ್ಲ. ಅಷ್ಟರಲ್ಲಿ ಇಂಜಿನ್ ಸತ್ತ ಬೋಟನ್ನು ಇಳಿಯುವ ನೀರು ಕಲ್ಲುಸಾಲಿಗೆ ಎಳೆದಿರುತ್ತದೆ. ಕಾಣದ ಬೋಟನ್ನು ಹುಡುಕಲು ಯಾರೂ ಪುಟ್ಟ ಪಾತಿದೋಣಿ ನೀರಿಗೆ ಹಾಕುವುದಿಲ್ಲ. ನಾಗವೇಣಿಯನ್ನೇ ಮೊದಲು ಕೂಗಿದರೆ ಅದು ಕಾಣುತ್ತದೆ, ಪಾತಿಯವರು ಹೋಗಿ ಎಳೆದು ತರುತ್ತಾರೆ. ಜಲದೀಪಕ್ಕೆ ಇಂಜಿನ್ ಇದೆ, ಅಷ್ಟು ಹೊತ್ತು ನೀರಿಗೆ ಎದುರಾಗಿ ನಿಲ್ಲಬಲ್ಲದು. ಆದರೆ ನಾಗವೇಣಿ ಅಲ್ಲಿ ಇಲ್ಲದೇ ಹೋದರೆ? ಆಗ ನನ್ನದು ತಪ್ಪು ಕೂಗು. ಜಲದೀಪದ ಮೂತಿ ಹೊರಕ್ಕೆ ತಿರುಗುತ್ತದೆ. ಇಳಿತದಲ್ಲಿ, ಕಲ್ಲುಸಾಲಿನ ಮೇಲೆ, ಅಣ್ಣಪ್ಪ ಮತ್ತು ಅವನ ಆಳುಗಳು.

ಇದೆಲ್ಲವನ್ನೂ ನಾನು ಬಾಪು ಸಾಹೇಬರಿಗೆ ಹೇಳಿದೆ. ಅವರು ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

"ಮಾಸ್ತಮ್ಮ, ನಾನು ನಾಗವೇಣಿ ಅಂತ ಮೈಕಿನಲ್ಲಿ ಹೇಳೋ ಹಾಗಿಲ್ಲ. ಯಂತ್ರ ಹೇಳಿದ್ದು ಜಲದೀಪ. ಕೂಗೋ ಹಕ್ಕು ಈಗ ಯಮುನೆಯದ್ದು. ಅವಳು ಬಿಟ್ಟುಕೊಟ್ರೆ ಬೇರೆ ಮಾತು."

"ಅವಳು ನನಗೆ ಬಸಳೆ ಸೊಪ್ಪೂ ಬಿಟ್ಟುಕೊಡೋದಿಲ್ಲ."

"ಹಾಗಾದ್ರೆ ಕೇಳ್ಬೇಡ. ಇಲ್ಲಾಂದ್ರೆ ಬೇಗ ಹೋಗಿ ಕೇಳು. ನೀರು ನಿಲ್ಲೋದಿಲ್ಲ."

ನಾನು ಧಕ್ಕೆಯ ತುದಿಗೆ ಹೋದೆ. ಬಾಯಿ ಬರಿಗಾಲಲ್ಲಿ ಹಿಂದೆ ಓಡಿ ಬಂದಳು. ಯಮುನೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಸಿರು ಎಳೆದುಕೊಂಡು ನಿಂತಿದ್ದಳು. ನನ್ನನ್ನು ಕಂಡು ಮುಖ ಆಚೆ ಮಾಡಿದಳು. ಎದುರಿಗೆ ಬರೀ ನೀರು, ಬಿಸಿಲು, ಕರಿಬಂಡೆಯ ಮೇಲೆ ಕೂತ ಎರಡು ಕಡಲಹಕ್ಕಿ.

"ಯಮುನೆ," ಎಂದೆ.

ಅವಳು ತಿರುಗಲಿಲ್ಲ. ಸುತ್ತ ನಿಂತವರಿಗೆ ಹೇಳುವಂತೆ, "ಕೂಗೋ ಹೊತ್ತಲ್ಲಿ ಅಪಶಕುನ ಯಾರದು?" ಎಂದಳು.

ಬೇರೆ ದಿನವಾಗಿದ್ದರೆ ಅವಳ ಜಡೆ ನನ್ನ ಕೈಯಲ್ಲಿರುತ್ತಿತ್ತು. ಆ ಹೊತ್ತಿನಲ್ಲಿ ನನಗೆ ಸಿಟ್ಟು ಎಲ್ಲಿಟ್ಟಿದ್ದೇನೆ ಎಂದೇ ನೆನಪಾಗಲಿಲ್ಲ. "ನಿನ್ನ ಬೋಟಿನ ಆಚೆ ಬದಿಗೆ ನಿನ್ನ ಭಾವನ ಬೋಟು ಕಟ್ಟಿರಬಹುದು ಅಂತ ಬಾಯಿ ಹೇಳ್ತಾಳೆ," ಎಂದೆ. "ನಾನು ಮೊದಲು ಕೂಗ್ಲಾ?"

ಧಕ್ಕೆಯ ಮೇಲೆ ಗುಜುಗುಜು ಎದ್ದಿತು. ಒಬ್ಬ ಹಿಂದಿನಿಂದ, "ಅಕ್ಕ ತಂಗಿಯನ್ನು ಮುಂಡೆ ಮಾಡ್ಲಿಕ್ಕೆ ಬಂದಾಳೆ," ಎಂದ. ಅವನ ಕಡೆಗೂ ನಾನು ನೋಡಲಿಲ್ಲ.

ಯಮುನೆ ಬಾಯಿಯನ್ನು ಕೇಳಿದಳು. "ಹೌದಾ ಬಾಯಿ? ಭಾವನ ಬೋಟು ಉಂಟಾ?"

"ಇರಬಹುದು."

"ಇರಬಹುದು ಅಂದ್ರೆ ಅರ್ಧವಾ, ಮುಕ್ಕಾಲಾ?"

ಬಾಯಿ ಕಂಬದ ಮೇಲಿನ ರಾಡಾರಿನ ಕಡೆ ನೋಡಿದಳು. ಸುಳ್ಳು ಹೇಳಿಬಿಡು ಎಂದು ನನ್ನ ಮನಸ್ಸು ಕೂಗುತ್ತಿತ್ತು. "ಅರ್ಧಕ್ಕಿಂತ ಸ್ವಲ್ಪ ಹೆಚ್ಚು," ಎಂದಳು. "ಅಷ್ಟೇ ಹೇಳ್ಲಿಕ್ಕಾಗೋದು."

ಯಮುನೆ ನನ್ನ ಮುಖ ನೋಡಿದಳು. ಜಲದೀಪ ನೀರಿಗಿಳಿದ ಮೇಲೆ ಅವಳು ನನ್ನ ಮುಖ ನೋಡಿದ್ದು ಅದೇ ಮೊದಲು. ಅವಳಿಗೆ ವಯಸ್ಸಾಗಿತ್ತು, ಕಿವಿಯ ಹತ್ತಿರ ಬಿಳಿ ಕೂದಲು. ಕೆಳಗೆ ಕಂಬಗಳ ಮೇಲೆ ಒದ್ದೆ ಗುರುತು ಬಿಟ್ಟು ನೀರು ಇಳಿಯುತ್ತಿತ್ತು. ಅವಳು ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನು ಎಳೆದು ಬಾಯಿಗೆ ತುರುಕಿಕೊಂಡಳು. ಒಂದು ಹೆಜ್ಜೆ ಹಿಂದೆ ಸರಿದಳು.

ಅವಳು ಒಲ್ಲೆ ಎಂದಿದ್ದರೆ ಜಗಳವಾಡಬಹುದಿತ್ತು. ಜಗಳ ನನಗೆ ಗೊತ್ತು. ಇದು ಗೊತ್ತಿಲ್ಲ. ಪಾತಿದೋಣಿಯವರು ಹುಟ್ಟು ಹಿಡಿದು ಕೂತಿದ್ದರು. ನಾನು ತುದಿಯ ಕಲ್ಲಿನ ಮೇಲೆ ನಿಂತು, ಇಡೀ ಕೇರಿ ಹೆದರುವ ನನ್ನ ದನಿಯನ್ನು ಹುಡುಕಿದೆ. ಆಮೇಲೆ ಕೂಗಿದೆ.

"ನಾಗವೇಣೀ..."

ಏನೂ ಆಗಲಿಲ್ಲ. ಹಕ್ಕಿಗಳು ಎದ್ದು ಹಾರಿದವು. ನೀರು ಹಾಗೆಯೇ ಇತ್ತು. ಕಾಣದ ಜಲದೀಪದ ಮೂತಿ ಈಗ ತಿರುಗುತ್ತಿರಬಹುದು ಎಂದುಕೊಂಡೆ. ತಿರುಗಿದರೂ ಕಾಣುವುದಿಲ್ಲವಲ್ಲ, ಹಾಗಾದರೆ ನಾನು ಎಷ್ಟು ಹೊತ್ತು ನಿಂತು ನೋಡಬೇಕು? ಕೊಂದಿದ್ದೇನೆ ಎಂದು ಯಾವಾಗ ಗೊತ್ತಾಗುತ್ತದೆ?

ಅಷ್ಟರಲ್ಲಿ ಗಾಳಿಯಲ್ಲಿ ನನ್ನ ಗಂಡ ಕಂಡ.

ಬೋಟಲ್ಲ, ಗಂಡ. ನೀರಿನಿಂದ ಒಂದಾಳು ಎತ್ತರದಲ್ಲಿ, ಕಾಲ ಕೆಳಗೆ ಏನೂ ಇಲ್ಲದೆ, ಚಕ್ಕಳಮಕ್ಕಳ ಹಾಕಿ ಕೂತಿದ್ದ. ಬಾಯಿ ತೆರೆದು ಯಾರಿಗೋ ಏನೋ ಹೇಳಿ ನಗುತ್ತಿದ್ದ. ಬಲಗೈ ಲೋಟ ಹಿಡಿದಂತೆ ಮಡಚಿತ್ತು, ಲೋಟ ಇರಲಿಲ್ಲ. ಅವನ ಪಕ್ಕದಲ್ಲಿ ನಮ್ಮ ಆಳು ಒಬ್ಬ ಹಾಗೆಯೇ ಗಾಳಿಗೆ ಒರಗಿ ಮಲಗಿದ್ದ. ಅವರ ಆಚೆಗೆ, ಕೆಳಗೆ, ನಾಗವೇಣಿ ಖಾಲಿಯಾಗಿ ತೂಗುತ್ತಿತ್ತು. ಅದರ ಹಗ್ಗದ ತುದಿ ಏನನ್ನೂ ಹಿಡಿಯದೆ ಬಿಗಿಯಾಗಿ ನಿಂತಿತ್ತು. ಕುಪ್ಪಯ್ಯ ತಲೆ ತಿರುಗಿಸಿ ಊರನ್ನು ಕಂಡ. ನನ್ನನ್ನು ಕಂಡ. ಅವನ ನಗು ಅರ್ಧಕ್ಕೆ ನಿಂತಿತು. ಆಮೇಲೆ ಹಗ್ಗ ಬಿತ್ತು, ಅವರಿಬ್ಬರೂ ದೊಪ್ಪನೆ ನೀರಿಗೆ ಬಿದ್ದರು.

ಪಾತಿಗಳು ಹೊರಟವು. ಅವರಿಬ್ಬರೂ ಈಜಿ ಬೋಟು ಹತ್ತಿದ್ದು, ನಾಗವೇಣಿ ಆಗಲೇ ಕಲ್ಲುಸಾಲಿನ ಕಡೆಗೆ ಓರೆಯಾಗಿ ಹೊರಟಿದ್ದು, ಪಾತಿಯವರು ಹಗ್ಗ ಸಿಕ್ಕಿಸಿ ಬೈಗುಳದ ಮೇಲೆ ಬೈಗುಳ ಹಾಕುತ್ತ ಎಳೆದದ್ದು, ಎಲ್ಲವನ್ನೂ ನಾನು ನೋಡಿದೆ. ಆದರೆ ಕೇಳಿದರೆ ಒಂದರ ಹಿಂದೆ ಒಂದನ್ನು ಜೋಡಿಸಿ ಹೇಳಲಾರೆ. ಹಗ್ಗ ಧಕ್ಕೆಯ ಗೂಟಕ್ಕೆ ಬಿದ್ದ ಕೂಡಲೇ ಎಲ್ಲರೂ ಯಮುನೆಯ ಕಡೆ ತಿರುಗಿದರು. ಅವಳು ಬಾಯಿಂದ ಸೆರಗು ತೆಗೆದಿರಲಿಲ್ಲ. ನಾನೇ ಎಳೆದು ತೆಗೆದೆ. ಹಲ್ಲು ಕಚ್ಚಿದ ಗುರುತು ಬಟ್ಟೆಯ ಮೇಲಿತ್ತು.

"ಕೂಗೇ," ಎಂದೆ.

"ದನಿ ಬರ್ತಾ ಇಲ್ಲ ಅಕ್ಕ."

"ಬರ್ತದೆ. ನನಗೆ ಬೈಯೋವಾಗ ಬರೋದಿಲ್ವಾ? ಹಾಗೇ ಕೂಗು."

ಅವಳು ಕೂಗಿದಳು. ಜಲದೀಪ ಬಂಡೆಯ ಪಕ್ಕದಲ್ಲೇ ಇತ್ತು. ಮೂತಿ ಊರಿಗೇ ಇತ್ತು. ಅಣ್ಣಪ್ಪ ಕ್ಯಾಬಿನ್ ಮುಂದೆ ಎರಡು ಲೋಟ ಚಾ ಹಿಡಿದುಕೊಂಡು, ಪಕ್ಕದಲ್ಲಿದ್ದವನು ಎಲ್ಲಿ ಹೋದ ಎಂದು ನೀರಿಗೆ ಬಗ್ಗಿ ನೋಡುತ್ತಿದ್ದ.

ಆಮೇಲೆ ಗಂಡಸರು ಒಬ್ಬರಿಗೊಬ್ಬರು ಬೈದುಕೊಂಡು ನಕ್ಕರು. ಫ್ಲೇವಿಯಾ ಬಾಯಿ ಒದ್ದೆಯಾದ ಕುಪ್ಪಯ್ಯನನ್ನು ಹಿಡಿದು, ಬೋಟುಗಳ ನಡುವೆ ಎಷ್ಟು ಜಾಗ ಇತ್ತು, ಟಯರು ಕಟ್ಟಿದ್ದಿರಾ ಇಲ್ಲವಾ ಎಂದು ಕೇಳುತ್ತಿದ್ದಳು. ಅವನು, "ಮೊದ್ಲು ಒಂದು ಟವೆಲ್ ಕೊಡು ಮಾರಾಯ್ತಿ, ಆಮೇಲೆ ಜಾಗ," ಎನ್ನುತ್ತಿದ್ದ. ಯಂತ್ರ ಹೇಳಿದ್ದು ಸರಿಯೋ ತಪ್ಪೋ ಎಂದು ಬಾಪು ಸಾಹೇಬರು ನನ್ನನ್ನು ಕೇಳಿದರು. ನನಗೆ ಇವತ್ತಿಗೂ ಗೊತ್ತಿಲ್ಲ. ಜಲದೀಪ ಎಂದಿತು, ಜಲದೀಪ ಇತ್ತು. ತಪ್ಪೆಲ್ಲಿ? ಅದರ ಮಾತನ್ನೇ ಕೇಳಿದ್ದರೆ ನನ್ನ ಗಂಡ ಉಳಿಯುತ್ತಿರಲಿಲ್ಲ. ಸರಿಯೆಲ್ಲಿ?

ಮೀನಿನ ಬುಟ್ಟಿ ಇಳಿಸುವಾಗ ಯಮುನೆ ನನ್ನ ಪಕ್ಕದಲ್ಲಿದ್ದಳು. ನಾನು ತಡೆಯಲಾರದೆ ಕೇಳಿದೆ. "ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಂದ್ಲು ಅವಳು. ಅಷ್ಟಕ್ಕೇ ಬಿಟ್ಟುಕೊಟ್ಯಾ?"

"ಅವಳನ್ನ ನಂಬಿ ಅಲ್ಲ."

"ಮತ್ತೆ?"

ಅವಳು ಬುಟ್ಟಿಯ ಮೇಲೆ ಗೋಣಿ ಹೊದಿಸಿದಳು. "ನಾನು ಹುಟ್ಟಿದಾರಭ್ಯ ನೀನು ನನ್ನ ಹತ್ರ ಏನೂ ಕೇಳಿದವಳಲ್ಲ. ಕಿತ್ಕೊಂಡವಳು. ಇವತ್ತು ಮೆಲ್ಲಗೆ 'ಕೂಗ್ಲಾ' ಅಂತ ಕೇಳಿದೆ. ಸುಮ್ಮನೆ ಹಾಗೆ ಕೇಳೋವಳಲ್ಲ ನೀನು. ಭಾವ ಅಲ್ಲೇ ಇದ್ದಾರೆ ಅಂತ ಅನ್ನಿಸ್ತು."

"ಇಲ್ಲದೇ ಇದ್ದಿದ್ರೆ?"

"ನಿನ್ನನ್ನ ಇದೇ ಧಕ್ಕೆಯಿಂದ ನೂಕ್ತಿದ್ದೆ," ಎಂದಳು. "ಒಂದು ಬದಿ ಹಿಡಿ. ಭಾರ ಉಂಟು."

ನಾನು ಹಿಡಿದೆ.